ರಾಣೆಯವರು ಎಷ್ಟು ಜನರನ್ನು ಕೊಂದರು? ಮಕ್ಕಳ ಪ್ರಶ್ನೆಗೆ ಏನು ಹೇಳಲಿ?

ಅಂಕೋಲಾ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ನಮ್ಮ ಶಾಲೆಯಲ್ಲಿ ಒಂದು ಭಿತ್ತಿಪತ್ರಿಕೆ ಮಾಡ್ತಾ ಇದ್ದೇವೆ. ಬೇರೆ ಬೇರೆ ಯುದ್ಧಗಳಲ್ಲಿ ಶೌರ್ಯ ಪದಕ ಪಡೆದವರು ಅಂತ ವಿಷಯ. ಪರಮವೀರ ಚಕ್ರ ಪಡೆದ ಮೇಜರ್ ರಾಮ ರಾಘೋಬ ರಾಣೆ ಇಲ್ಲದೆ ನಮ್ಮ ಜಿಲ್ಲೆಯಲ್ಲಿ ಇಂಥದ್ದು ಶುರುವಾಗುವುದುಂಟೇ? ಅವರ ಊರು ಚೆಂಡಿಯಾ ಅಂದರೆ ನಮ್ಮ ಮಕ್ಕಳು ಕಾರವಾರ ಬಸ್ಸಿನಲ್ಲಿ ದಿನಾ ದಾಟುವ ಊರು.

ಏಳನೇ ತರಗತಿಯವರಿಗೆ ಅವರ ಕಥೆ ಹೇಳ್ತಾ ಇದ್ದೆ. ಹಿಂದಿನ ಬೆಂಚಿನವನೊಬ್ಬ ಎದ್ದು, "ಅಕ್ಕೋರೇ, ಅವ್ರು ಎಷ್ಟು ಜನರನ್ನ ಕೊಂದ್ರು?" ಅಂದ. ನಾಳೆ ಹೇಳ್ತೇನೆ ಅಂದು ಕೂರಿಸಿದೆ. ಮನೆಗೆ ಬಂದು ಅವರ ಪ್ರಶಂಸಾ ಪತ್ರ ಹುಡುಕಿ ಓದಿದರೆ, ಅವರು ಒಬ್ಬರ ಮೇಲಾದರೂ ಗುಂಡು ಹಾರಿಸಿದ ಮಾತೇ ಇಲ್ಲ! ಮೊದಲಿಂದ ಕೊನೆವರೆಗೆ ನೆಲಬಾಂಬ್ ತೆಗೆದದ್ದು, ಮರ ಉರುಳಿಸಿ ರಸ್ತೆ ಬಿಡಿಸಿದ್ದು, ಅಷ್ಟೇ. ಮಕ್ಕಳಿಗೆ ಇದನ್ನು ಸಪ್ಪೆಯಾಗದ ಹಾಗೆ ಹೇಳುವುದು ಹೇಗೆ? ಸೈನ್ಯದಲ್ಲಿದ್ದವರು ಯಾರಾದರೂ ಇದ್ದರೆ ಸಹಾಯ ಮಾಡಿ.

ಬೈತಖೋಲ್ ಹುಡುಗ

ಅಕ್ಕೋರೇ, ರಾಣೆಯವರ ಪ್ರತಿಮೆ ಪಕ್ಕದಲ್ಲೇ ಚಪಲ್ ಯುದ್ಧನೌಕೆ ಇದೆಯಲ್ಲ, ಟಾಗೋರ್ ಕಡಲತೀರದಲ್ಲಿ. ಮಕ್ಕಳನ್ನು ಅಲ್ಲಿಗೇ ಕರ್ಕೊಂಡು ಬನ್ನಿ. 1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಇಟ್ಟ ಹಡಗು ಅದು. ಅದನ್ನ ನೋಡಿದ್ರೆ ಸಪ್ಪೆ ಅನ್ನೋ ಮಾತೇ ಬರೋದಿಲ್ಲ.

ಕುಮಟಾ ಗೆಜೆಟ್

ಮಕ್ಕಳಿಗೆ ಆ ಮಾತು ಹೇಳಬೇಡಿ ಮಾರಾಯ್ರೆ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ಕ್ಷಿಪಣಿ ಬಿಟ್ಟ ದೋಣಿಗಳು ನಿಪಟ್, ನಿರ್ಘಟ್, ವೀರ್. ನಾಲ್ಕು ದಿನ ಬಿಟ್ಟು ಎರಡನೇ ಸಲ ಹೋದದ್ದು ವಿನಾಶ್. ಮೊದಲ ದಾಳಿಯ ಮುಂದಾಳು ಕಮಾಂಡರ್ ಬಬ್ರು ಭಾನ್ ಯಾದವ್, ಅವರಿಗೆ ಮಹಾವೀರ ಚಕ್ರ. ನಮ್ಮ ಚಪಲ್ ಅದೇ ಬಗೆಯ ಕ್ಷಿಪಣಿ ದೋಣಿ, ಆದರೆ ಆ ಯುದ್ಧ ಕಂಡದ್ದಲ್ಲ. ಹೋಗಿ ನೋಡಿ, ಒಳಗೆ ಹತ್ತಿ, ಕ್ಷಿಪಣಿ ಇಡುವ ಗೂಡು ತೋರಿಸಿ. ಇಂಥದ್ದೇ ದೋಣಿಗಳು ಹೋಗಿದ್ದವು ಅಂದರೆ ಸಾಕು.

ಬೈತಖೋಲ್ ಹುಡುಗ

ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೋದಲ್ಲಿ ಹಾಗೇ ಹೇಳಿದ್ರಪ್ಪ.

ಕುಮಟಾ ಗೆಜೆಟ್

ಅದೇ ಬಗೆಯ ವಿಡಿಯೋಗಳು ರಾಣೆಯವರನ್ನೂ ಹುತಾತ್ಮ ಮಾಡಿವೆ. ಅವರು 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು, 1994ರ ಜುಲೈನಲ್ಲಿ ಪುಣೆಯಲ್ಲಿ ತೀರಿಕೊಂಡರು, ಆಗ 76 ವಯಸ್ಸು. ಬದುಕಿದ್ದೇ ಪರಮವೀರ ಚಕ್ರ ಹಾಕಿಕೊಂಡವರು ಅವರು. ಇದುವರೆಗೆ ಒಟ್ಟು 21 ಜನರಿಗೆ ಆ ಪದಕ ಸಿಕ್ಕಿದೆ, 14 ಮಂದಿಗೆ ಮರಣೋತ್ತರ. ಉಳಿದ ಏಳು ಜನರಲ್ಲಿ ನಮ್ಮೂರಿನವರೊಬ್ಬರು ಇರುವಾಗ ಅವರನ್ನು ಯಾಕೆ ಸಾಯಿಸಬೇಕು?

ಮಾಜಿ ಸ್ಯಾಪರ್, ಕಾರವಾರ

ಅಕ್ಕೋರೇ, ನಾನು ಬಾಂಬೆ ಸ್ಯಾಪರ್ಸ್‌ನಲ್ಲಿದ್ದವನು. ಸ್ಯಾಪರ್ ಅಂದರೆ ಸೈನ್ಯದ ಇಂಜಿನಿಯರ್ ಪಡೆಯವ. ರಾಣೆ ಸಾಹೇಬರು ಅದೇ ಪಡೆಯವರು, ಪುಣೆಯ ಖಡಕಿಯ ಸೆಂಟರ್‌ನಲ್ಲಿ ಅವರ ಹೆಸರು ಕೇಳದೆ ಯಾವ ರಂಗರೂಟನೂ (ಹೊಸ ಸಿಪಾಯಿ) ಹೊರಗೆ ಬರುವುದಿಲ್ಲ. ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ, ಓದಿಕೊಳ್ಳಿ.

1948ರ ಏಪ್ರಿಲ್ 8. ಜಮ್ಮು ಕಡೆಯ ನೌಶೇರಾದಿಂದ ರಜೌರಿಗೆ ಹೋಗುವ ಗುಡ್ಡದ ರಸ್ತೆ. ರಜೌರಿ ಆಗ ಪಾಕಿಸ್ತಾನದ ಕಡೆಯ ಶತ್ರುಗಳ ಕೈಯಲ್ಲಿತ್ತು. ಅಲ್ಲಿಗೆ ಟ್ಯಾಂಕುಗಳು ಹೋಗಬೇಕು. ಆದರೆ ರಸ್ತೆಗೆ ನೆಲಬಾಂಬ್ ಹುಗಿದಿದ್ದಾರೆ, ಪೈನ್ ಮರ ಕಡಿದು ಅಡ್ಡ ಕೆಡವಿದ್ದಾರೆ, ಮೋರಿಗಳನ್ನು ಒಡೆದಿದ್ದಾರೆ. ಒಂದು ಕಡೆ ದರೆ, ಇನ್ನೊಂದು ಕಡೆ ಪ್ರಪಾತ. ನಮ್ಮ ದೇವಿಮನೆ ಘಟ್ಟದಲ್ಲಿ ಒಂದು ಮರ ಬಿದ್ದರೆ ಎಷ್ಟು ಹೊತ್ತು ವಾಹನ ನಿಲ್ಲುತ್ತದೆ ಗೊತ್ತಲ್ಲ, ಅಲ್ಲಿ ಮರದ ಬುಡದಲ್ಲಿ ಬಾಂಬ್, ಮೇಲಿನ ಗುಡ್ಡದಲ್ಲಿ ಮೆಷಿನ್ ಗನ್.

ರಾಣೆ ಸಾಹೇಬರು ಆಗ ಸೆಕೆಂಡ್ ಲೆಫ್ಟಿನೆಂಟ್. ಬೆಳಗ್ಗೆ 11 ಗಂಟೆಗೆ ಕೆಲಸ ಶುರು ಮಾಡಬೇಕೆಂದು ಟ್ಯಾಂಕುಗಳ ಹತ್ತಿರ ನಿಂತಿದ್ದಾಗಲೇ ಮಾರ್ಟರ್ ದಾಳಿ. ಅವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯ, ಆ ಐವರಲ್ಲಿ ಸಾಹೇಬರೂ ಒಬ್ಬರು. ಪಟ್ಟಿ ಕಟ್ಟಿಸಿಕೊಂಡು ಹಿಂದೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಉಳಿದವರನ್ನು ಕೂಡಿಸಿಕೊಂಡು ಕೆಲಸಕ್ಕೆ ನಿಂತರು. ಸಂಜೆ ನಾಲ್ಕೂವರೆ ಸುಮಾರಿಗೆ 4 ಡೋಗ್ರಾ ಪಲ್ಟನಿನವರು ಬರ್ವಾಲಿ ದಿಣ್ಣೆ ಹಿಡಿದರು. ಗುಡ್ಡದಲ್ಲಿ ಶತ್ರು ಇನ್ನೂ ಇದ್ದಾನೆ ಅಂತ ಗೊತ್ತಿದ್ದೂ ಸಾಹೇಬರು ತಂಡ ಕಟ್ಟಿಕೊಂಡು ಮುಂದೆ ಹೋಗಿ, ಟ್ಯಾಂಕುಗಳಿಗೆ ಬಳಸುದಾರಿ ಕಡಿಯಲು ಶುರು ಮಾಡಿದರು. ರಾತ್ರಿ ಹತ್ತರವರೆಗೆ.

9ನೇ ತಾರೀಕು ಬೆಳಗ್ಗೆ ಆರಕ್ಕೆ ಮತ್ತೆ. ಮಧ್ಯಾಹ್ನ ಮೂರಕ್ಕೆ ದಾರಿ ತಯಾರು. ಆಮೇಲೆ ಅವರು ಹಿಂದಿನ ಗಾಡಿಯಲ್ಲಿ ಕೂತವರಲ್ಲ, ಎಲ್ಲಕ್ಕಿಂತ ಮುಂದಿನ ಕ್ಯಾರಿಯರ್ (ಸಣ್ಣ ಕವಚದ ಗಾಡಿ) ಹತ್ತಿದರು. ಅರ್ಧ ಮೈಲಿಗೆ ಮರ ಅಡ್ಡ. ಇಳಿದು ಸಿಡಿಮದ್ದಿಟ್ಟು ಹಾರಿಸಿದರು. ಮುನ್ನೂರು ಗಜಕ್ಕೆ ಮತ್ತೆ ಮರ, ಮತ್ತೆ ಇಳಿದರು. ಆಮೇಲೆ ಒಡೆದ ಮೋರಿ, ಅಲ್ಲಿ ಕೈ ಹಚ್ಚುವ ಮೊದಲೇ ಮೆಷಿನ್ ಗನ್ ಶುರುವಾಯಿತು, ಅದರ ನಡುವೆಯೇ ಪಕ್ಕದಿಂದ ದಾರಿ ಮಾಡಿದರು. ಸಂಜೆ ಆರೂಕಾಲಿಗೆ ಐದು ದೊಡ್ಡ ಪೈನ್ ಮರ ಒಟ್ಟಿಗೆ, ಸುತ್ತ ನೆಲಬಾಂಬ್. ಆ ಕತ್ತಲಲ್ಲೂ ತೆಗೆಯಲು ಕೂತಿದ್ದರು. ಟ್ಯಾಂಕ್ ದಳದ ಕಮಾಂಡರೇ ಪರಿಸ್ಥಿತಿ ನೋಡಿ ದಂಡನ್ನು ರಾತ್ರಿಗೆ ನಿಲ್ಲಿಸಿದರು.

10ನೇ ತಾರೀಕು ಬೆಳಗಿನ ಜಾವ ಪೌಣೆ ಐದಕ್ಕೆ ಅದೇ ಮರಗಳ ಹತ್ತಿರ ಹಾಜರು. ಆರೂವರೆಗೆ ಬಿಡಿಸಿದರು. ಅದರ ಮುಂದಿನ ಸಾವಿರ ಗಜ ಬರೀ ಅಡ್ಡಗಟ್ಟೆ, ಕುಸಿದ ದರೆ. ಹತ್ತೂವರೆಗೆ ಅದೂ ಮುಗಿಯಿತು. ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕಿಳಿದು ಮುಂದೆ ಹೋದವು, ಎರಡು ಗಂಟೆಗೆ ಚಿಂಗಸ್ ಮುಟ್ಟಿದವು. ಟ್ಯಾಂಕ್ ದಾಟಿದ ಮೇಲೆ ಸಾಕು ಅನ್ನಬಹುದಿತ್ತು. ಆದರೆ ಹಿಂದೆ ರೇಷನ್, ಮದ್ದುಗುಂಡಿನ ಲಾರಿಗಳಿದ್ದವು, ಅವು ನದಿಯಲ್ಲಿ ಹೋಗುವಂಥವಲ್ಲ. ಊಟವಿಲ್ಲದೆ ರಾತ್ರಿ ಒಂಬತ್ತರವರೆಗೆ ರಸ್ತೆ ಬಿಡಿಸಿದರು. 11ಕ್ಕೆ ಬೆಳಗ್ಗೆ ಆರರಿಂದ ಮತ್ತೆ, ರಾತ್ರಿ ಹತ್ತರವರೆಗೆ. 12ನೇ ತಾರೀಕು ನಮ್ಮ ಸೈನ್ಯ ರಜೌರಿ ಒಳಗಿತ್ತು.

ಇದನ್ನು ಗಂಟೆ ಗಂಟೆಯ ಲೆಕ್ಕದಲ್ಲೇ ಮಕ್ಕಳಿಗೆ ಹೇಳಿ. ಹಲಗೆ ಮೇಲೆ ಒಂದು ಗೆರೆ ಎಳೆದು ಮರ, ಮೋರಿ, ಮರ ಅಂತ ಗುರುತು ಹಾಕುತ್ತಾ ಹೋಗಿ. ಎಷ್ಟು ಜನರನ್ನು ಕೊಂದರು ಅಂತ ಕೇಳಿದವನೇ ಮುಂದೆ ಬಂದು ನಿಲ್ಲದಿದ್ದರೆ ಹೇಳಿ.

ಶಿರಸಿ ಮಾಣಿ

ಸರ್, ಓದ್ತಾ ಮೈ ಜುಂ ಅಂತು. ಹಾಗಾದ್ರೆ ಅಕ್ಕೋರು ಆ ಹುಡುಗನಿಗೆ "ಕೊಂದದ್ದಲ್ಲಪ್ಪ, ಉಳಿಸಿದ್ದು" ಅಂತ ಹೇಳಬಹುದಲ್ಲ? ಅಹಿಂಸೆಯ ವೀರ ಅಂದ ಹಾಗೆ.

ಮಾಜಿ ಸ್ಯಾಪರ್, ಕಾರವಾರ

ತಮ್ಮಾ, ಟ್ಯಾಂಕ್ ಮುಂದೆ ಹೋದದ್ದು ಹೂವು ಕೊಡಲಿಕ್ಕಲ್ಲ. ಸ್ಯಾಪರ್ ದಾರಿ ಬಿಡಿಸುವುದೇ ಹಿಂದೆ ಬರುವ ಬಂದೂಕಿಗೆ. ಅದನ್ನು ಮುಚ್ಚಿಟ್ಟು ಸಂತನ ಪಟ ಬರೆಯಬೇಡಿ. ಆದರೆ ಇಷ್ಟು ಮಾತ್ರ ನಿಜ. ಬಂದೂಕು ಹಿಡಿದವನಿಗೆ ಎದುರಿನವನ ಮೇಲೆ ತಿರುಗಿಸಿ ಹೊಡೆಯುವ ಅವಕಾಶ ಇರುತ್ತದೆ. ನೆಲಬಾಂಬ್ ತೆಗೆಯುವವನ ಎರಡೂ ಕೈ ಮಣ್ಣಿನಲ್ಲಿ. ಗುಂಡು ಬರುತ್ತಿದೆ ಅಂತ ಕೈ ಅವಸರ ಮಾಡಿದರೆ ಮುಗಿಯಿತು.

ಹೊನ್ನಾವರದವಳು

ಅದು ತೆಗೆಯುವುದು ಹೇಗೆ ಸರ್? ಸಿನಿಮಾದಲ್ಲಿ ಬರೀ ವೈರ್ ಕತ್ತರಿಸೋದು ತೋರಿಸ್ತಾರೆ.

ಮಾಜಿ ಸ್ಯಾಪರ್, ಕಾರವಾರ

ಕೈಯಿಂದ ಹುಡುಕುವ ಕ್ರಮ ಹೇಳುತ್ತೇನೆ. ಹೊಟ್ಟೆಯ ಮೇಲೆ ಮಲಗಬೇಕು ಇಲ್ಲವೇ ಮೊಣಕಾಲೂರಬೇಕು. ಚೂಪು ಸಲಾಕೆ, ಇಲ್ಲದಿದ್ದರೆ ಬಯೊನೆಟ್. ಅದನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಮೆಲ್ಲಗೆ ತೂರಿಸಬೇಕು. ಯಾಕಂದರೆ ನೆಲಬಾಂಬಿನ ಒತ್ತು ಇರುವುದು ತಲೆಯ ಮೇಲೆ. ಓರೆಯಾಗಿ ಹೋದರೆ ಅದರ ಪಕ್ಕೆಗೆ ತಾಗುತ್ತದೆ. ಏನೋ ಗಟ್ಟಿ ಸಿಕ್ಕಿತು ಅಂದರೆ ಸುತ್ತಲಿನ ಮಣ್ಣನ್ನು ಬೆರಳಲ್ಲಿ ಬಿಡಿಸಬೇಕು. ಕಲ್ಲೂ ಆಗಿರಬಹುದು, ಗುಡ್ಡದ ರಸ್ತೆಯಲ್ಲಿ ಹತ್ತಕ್ಕೆ ಒಂಬತ್ತು ಕಲ್ಲೇ. ಆದರೆ ಪ್ರತಿ ಕಲ್ಲನ್ನೂ ಬಾಂಬ್ ಅಂದುಕೊಂಡೇ ಬಿಡಿಸಬೇಕು. ಸಿಕ್ಕಿದ ಮೇಲೂ ಎತ್ತುವಂತಿಲ್ಲ, ಅಡಿಗೆ ಇನ್ನೊಂದನ್ನು ಸಿಕ್ಕಿಸಿಟ್ಟಿರುತ್ತಾರೆ. ನಮಗೆ ಕಲಿಸುವಾಗ ಹುಸಿ ಬಾಂಬ್ ಇಟ್ಟು, ಪಕ್ಕದಲ್ಲಿ ಪಟಾಕಿ ಹೊಡೆಯುತ್ತಿದ್ದರು. ಅಷ್ಟಕ್ಕೇ ಅಂಗೈ ಬೆವರಿ ಸಲಾಕೆ ಜಾರುತ್ತಿತ್ತು.

ರಾಣೆ ಸಾಹೇಬರು ಟ್ಯಾಂಕಿನ ಹೊಟ್ಟೆಯಡಿ ತೆವಳುತ್ತಾ, ಡ್ರೈವರ್‌ಗೆ ಹಗ್ಗ ಎಳೆದು ನಿಲ್ಲು-ನಡೆ ಸನ್ನೆ ಕೊಡುತ್ತಾ ಬಾಂಬ್ ತೆಗೆದರು ಅನ್ನುವ ಮಾತು ನಮ್ಮ ಪಡೆಯಲ್ಲಿ ಎಲ್ಲರ ಬಾಯಲ್ಲೂ ಇದೆ, ಪುಸ್ತಕಗಳಲ್ಲೂ ಬಂದಿದೆ. ಪ್ರಶಂಸಾ ಪತ್ರದಲ್ಲಿ ಮಾತ್ರ ಅದಿಲ್ಲ. ಮಕ್ಕಳಿಗೆ ಹೇಳುವಾಗ "ಹೀಗೂ ಹೇಳುತ್ತಾರೆ" ಅಂತ ಸೇರಿಸಿ.

ಕುಮಟಾ ಗೆಜೆಟ್

ಅದೇ ಬಾಂಬೆ ಸ್ಯಾಪರ್ಸ್‌ಗೆ ಸೇರಿದ ಇನ್ನೊಂದು ಹೆಸರು ಹೇಳದೆ ಇರಲಾರೆ. ಪ್ರೇಮಿಂದ್ರ ಸಿಂಗ್ ಭಗತ್. 1941, ಎರಡನೇ ಮಹಾಯುದ್ಧ, ಅಬಿಸೀನಿಯಾ (ಈಗಿನ ಇಥಿಯೋಪಿಯಾ). ಅವರೂ ಸೆಕೆಂಡ್ ಲೆಫ್ಟಿನೆಂಟೇ, ಅವರೂ ಮುಂದಿನ ಕ್ಯಾರಿಯರ್‌ನಲ್ಲೇ. ನಾಲ್ಕು ದಿನ, 55 ಮೈಲಿ, 15 ಕಡೆ ನೆಲಬಾಂಬ್ ತೆಗೆಸಿದರು. ಎರಡು ಸಲ ಕೂತ ಗಾಡಿಯೇ ಸಿಡಿಯಿತು, ಕಿವಿಯ ತಮಟೆ ಹರಿಯಿತು. ಬ್ರಿಟಿಷರ ವಿಕ್ಟೋರಿಯಾ ಕ್ರಾಸ್ ಬಂತು. ರಾಣೆಯವರು ಸೈನ್ಯ ಸೇರಿದ್ದು 1940ರ ಜುಲೈನಲ್ಲಿ, ಅಂದರೆ ಅವರು ಇನ್ನೂ ಎಳೆಯ ಸಿಪಾಯಿ ಇದ್ದಾಗಲೇ ಅವರ ಪಡೆಯಲ್ಲಿ ಈ ಸುದ್ದಿ ಓಡಾಡಿರಬೇಕು. ಒಂದು ಪಡೆ, ಒಂದೇ ಕೆಲಸ, ಎರಡು ಸರ್ಕಾರಗಳ ಅತಿ ದೊಡ್ಡ ಪದಕ. ಅಕ್ಕೋರೇ, ಈ ಇಬ್ಬರ ಪಟ ಅಕ್ಕಪಕ್ಕ ಅಂಟಿಸಿ.

ಅಂಕೋಲಾ ಅಕ್ಕೋರು

ಇದು ಬಹಳ ಚೆನ್ನಾಗಿದೆ. ಯುದ್ಧದ ಪ್ರಕಾರ ಸಾಲು ಮಾಡೋಣ ಅಂದುಕೊಂಡಿದ್ದೆ, ಈಗ ಕೆಲಸದ ಪ್ರಕಾರ ಮಾಡಿದರೆ ಹೇಗೆ ಅನ್ನಿಸ್ತಿದೆ. ದಾರಿ ಮಾಡಿದವರು, ಏರಿದವರು, ಬಿಟ್ಟುಹೋಗದೆ ನಿಂತವರು ಅಂತ.

ಕುಮಟಾ ಗೆಜೆಟ್

ಸೈ! ಏರಿದವರಲ್ಲಿ ಬಾನಾ ಸಿಂಗ್. 1987ರ ಜೂನ್, ಸಿಯಾಚಿನ್‌ನಲ್ಲಿ ನೆಟ್ಟಗಿನ ಹಿಮದ ಗೋಡೆ ಹತ್ತಿ ಪಾಕಿಸ್ತಾನದ ಠಾಣೆ ಹಿಡಿದರು. ಆ ಶಿಖರಕ್ಕೆ ಈಗ ಅವರದೇ ಹೆಸರು, ಬಾನಾ ಟಾಪ್. 1999ರಲ್ಲಿ ಟೈಗರ್ ಹಿಲ್ ಹತ್ತಿದ ಯೋಗೇಂದ್ರ ಸಿಂಗ್ ಯಾದವ್, ಆಗ ವಯಸ್ಸು 19.

ನಿಂತವರಲ್ಲಿ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ. 1971ರ ಡಿಸೆಂಬರ್ 9ರ ರಾತ್ರಿ ಖುಕ್ರಿ ಹಡಗಿಗೆ ಟಾರ್ಪಿಡೊ ಬಡಿಯಿತು. ಅವರು ಹಡಗು ಬಿಡಲಿಲ್ಲ. 18 ಅಧಿಕಾರಿಗಳು, 176 ನಾವಿಕರು ಹಡಗಿನ ಜೊತೆ ಹೋದರು. ಮುಲ್ಲಾರಿಗೆ ಮಹಾವೀರ ಚಕ್ರ. ನಮ್ಮ ಕರಾವಳಿಯ ಶಾಲೆಯ ಗೋಡೆಯಲ್ಲಿ ಒಬ್ಬ ನಾವಿಕನೂ ಇಲ್ಲದಿದ್ದರೆ ಕದಂಬ ನೌಕಾನೆಲೆಯವರು ಬೇಜಾರು ಮಾಡಿಕೊಂಡಾರು! ಅಂದ ಹಾಗೆ ನೌಕಾಪಡೆಯವರು ಯಾರಿಗೂ ಇದುವರೆಗೆ ಪರಮವೀರ ಚಕ್ರ ಬಂದಿಲ್ಲ. ವಾಯುಪಡೆಗೆ ಒಂದೇ ಒಂದು, ನಿರ್ಮಲ್ ಜಿತ್ ಸಿಂಗ್ ಸೆಖೋನ್, 1971, ಶ್ರೀನಗರ.

ಬೈತಖೋಲ್ ಹುಡುಗ

ನೌಕಾಪಡೆಗೆ ಒಂದೂ ಇಲ್ವಾ? ಇದು ಅನ್ಯಾಯ ಅಲ್ವಾ?

ಕುಂದಗೋಳ ಅಳಿಯ

ಅನ್ಯಾಯದ ಮಾತು ತಗದ್ರಿ ಅಂತ ನಾನೂ ಒಂದು ಕೇಳ್ತೀನಿ. ಇರೋದು ಶಿರಸಿಯೊಳಗ, ಹೆಂಡತಿ ಮನಿ ಕುಂದಗೋಳ. ನಮ್ಮ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ, 2016ರಾಗ ಸಿಯಾಚಿನ್ ಹಿಮಪಾತದೊಳಗ ಆರು ದಿನ ಹೂತು ಹೋಗಿದ್ದರೂ ಉಸಿರು ಹಿಡಕೊಂಡಿದ್ರು. ದೇಶಕ್ಕ ದೇಶನ ಕೈ ಮುಗೀತು. ಫೆಬ್ರುವರಿ 11ಕ್ಕ ಹೋಗಿಬಿಟ್ರು. ಅವರಿಗೆ ಸಿಕ್ಕಿದ್ದು ಸೇನಾ ಪದಕ. ಯಾಕ್ರೀ, ಅಂಥವರಿಗೆ ದೊಡ್ಡ ಚಕ್ರ ಕೊಡಬಾರದಿತ್ತೇನು?

ಮಾಜಿ ಸ್ಯಾಪರ್, ಕಾರವಾರ

ನಿಮ್ಮ ಸಂಕಟ ಅರ್ಥವಾಗುತ್ತದೆ ಅಣ್ಣಾ. ಆದರೆ ಚಕ್ರಗಳಿಗೆ ಎರಡು ಸಾಲು ಇವೆ. ಶತ್ರುವಿನ ಎದುರು ತೋರಿಸಿದ ಶೌರ್ಯಕ್ಕೆ ಪರಮವೀರ, ಮಹಾವೀರ, ವೀರ ಚಕ್ರ. ಶತ್ರುವಿನ ಎದುರಲ್ಲದೆ ಬೇರೆ ಕಡೆ ತೋರಿಸಿದ್ದಕ್ಕೆ ಅಶೋಕ, ಕೀರ್ತಿ, ಶೌರ್ಯ ಚಕ್ರ. ಮುಂಬೈಯಲ್ಲಿ 2008ರಲ್ಲಿ ಹೋದ ಮೇಜರ್ ಸಂದೀಪ್ ಉನ್ನಿಕೃಷ್ಣನ್, 2007ರಲ್ಲಿ ಉರಿಯಲ್ಲಿ ಹೋದ 9 ಮರಾಠಾ ಪಲ್ಟನಿನ ಕರ್ನಲ್ ವಸಂತ್ ವೇಣುಗೋಪಾಲ್, ಇಬ್ಬರೂ ನಮ್ಮ ಬೆಂಗಳೂರಿನ ಮನೆಯವರು, ಇಬ್ಬರಿಗೂ ಅಶೋಕ ಚಕ್ರ. ಹಿಮಪಾತವನ್ನು ಶತ್ರು ಅನ್ನಲು ನಿಯಮದಲ್ಲಿ ಜಾಗವಿಲ್ಲ. ಮತ್ತೆ ಪದಕ ಕೊಡುವುದು ಮಾಡಿದ ಒಂದು ಕೃತ್ಯಕ್ಕೆ. ಸಹಿಸಿದ್ದನ್ನು ಅಳೆಯುವ ತಕ್ಕಡಿ ಸೈನ್ಯದ ಹತ್ತಿರ ಇಲ್ಲ.

ಕುಂದಗೋಳ ಅಳಿಯ

ನಿಯಮ ತಿಳೀತು. ಮನಸ್ಸು ಒಪ್ಪಲಿಲ್ಲ ಬಿಡ್ರಿ.

ಮಾಜಿ ಸ್ಯಾಪರ್, ಕಾರವಾರ

ಒಪ್ಪಬೇಕಂತಿಲ್ಲ. ನಾನೂ ಎಲ್ಲ ಒಪ್ಪಿದವನಲ್ಲ. ಪದಕ ಬರಲಿಕ್ಕೆ ಶೌರ್ಯ ಒಂದೇ ಸಾಲದು, ಅದನ್ನು ಕಂಡವನೊಬ್ಬ ಬದುಕಿ ಬರಬೇಕು, ಬಂದು ಬರೆಯಬೇಕು, ಬರೆದದ್ದನ್ನು ಮೇಲಿನವರು ನಂಬಬೇಕು. ರಾಣೆ ಸಾಹೇಬರ ಪ್ರತಿ ಗಂಟೆಯ ಲೆಕ್ಕ ಹೇಗೆ ಸಿಕ್ಕಿತು ಅಂದುಕೊಂಡಿರಿ? ಹಿಂದೆ ಟ್ಯಾಂಕ್ ದಳ ಸಾಲಾಗಿ ನಿಂತು ನೋಡುತ್ತಿತ್ತು. ಇವರು ದಾರಿ ಬಿಡಿಸದೆ ಅವರು ಒಂದು ಗಜ ಹೋಗುವಂತಿರಲಿಲ್ಲ. ಅಷ್ಟು ಜನ ಕೈಕಟ್ಟಿ ನೋಡುವಂಥ ಶೌರ್ಯ ಎಲ್ಲರ ಪಾಲಿಗೂ ಬರುವುದಿಲ್ಲ. ಮಳೆಯಲ್ಲಿ, ಕತ್ತಲೆಯಲ್ಲಿ, ಒಂಟಿ ಠಾಣೆಯಲ್ಲಿ ನಡೆದದ್ದು ಅಲ್ಲಿಗೇ ಹೋಯಿತು.

ಕುಮಟಾ ಗೆಜೆಟ್

ಸರ್ ಹೇಳಿದ್ದಕ್ಕೆ ಉದಾಹರಣೆ ಬೇಕಾದಷ್ಟಿವೆ. 1962ರ ನವೆಂಬರ್ 18, ಚೀನಾ ಯುದ್ಧ, ಲಡಾಖಿನ ರೆಜಾಂಗ್ ಲಾ. ಮೇಜರ್ ಶೈತಾನ್ ಸಿಂಗ್ ಅವರ ಕುಮಾಂವ್ ಕಂಪನಿಯಲ್ಲಿ ಸುಮಾರು 120 ಜನ, ಅವರಲ್ಲಿ 114 ಮಂದಿ ಸತ್ತರು. ಉಳಿದು ಬಂದ ಕೆಲವರು ಹೇಳಿದ್ದನ್ನು ಮೊದಲಿಗೆ ನಂಬಿದವರು ಕಡಿಮೆ. ಚಳಿಗಾಲ ಕಳೆಯುತ್ತ ಬಂದಾಗ ಕುರುಬನೊಬ್ಬ ಆ ಗುಡ್ಡಕ್ಕೆ ಹೋಗಿ ನೋಡಿದರೆ, ಹೆಣಗಳು ಕಂದಕದಲ್ಲಿ ಬಂದೂಕು ಹಿಡಿದ ಹಾಗೇ ಹಿಮಗಟ್ಟಿದ್ದವು. ಶೈತಾನ್ ಸಿಂಗ್‌ಗೆ ಪರಮವೀರ ಚಕ್ರ.

ಅದೇ ಯುದ್ಧದಲ್ಲಿ ಮೇಜರ್ ಧನ್ ಸಿಂಗ್ ಥಾಪಾ ಸತ್ತರು ಅಂದುಕೊಂಡು ಪದಕ ಘೋಷಿಸಿದರು. ಅವರು ಚೀನಾದ ಸೆರೆಯಲ್ಲಿದ್ದರು, 1963ರಲ್ಲಿ ತಿರುಗಿ ಬಂದರು. ಯೋಗೇಂದ್ರ ಯಾದವ್ ಕಥೆಯೂ ಹಾಗೇ, ಮರಣೋತ್ತರ ಅಂತ ಹೆಸರು ಬಂತು, ಆಸಾಮಿ ಆಸ್ಪತ್ರೆಯಲ್ಲಿ ಮಲಗಿದ್ದ. ಸತ್ತದ್ದು ಅದೇ ಹೆಸರಿನ ಇನ್ನೊಬ್ಬ ಯೋಧ. ಆ ಇನ್ನೊಂದು ಮನೆಯವರ ಗತಿ ಯೋಚಿಸಿ.

ಕರ್ನಾಟಕದ್ದೇ ಬೇಕು ಅಂದರೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ಕ್ಕೆ ಪಾಕಿಸ್ತಾನದ ಸರಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವರು ತಿರುಗಿ ಬರಲಿಲ್ಲ. ಏನಾಯಿತು ಅಂತ ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. ವರ್ಷಗಟ್ಟಲೆ ಆದ ಮೇಲೆ ವಿದೇಶಿ ಬರಹಗಾರನೊಬ್ಬ ಪಾಕಿಸ್ತಾನದವರ ಬಾಯಿಂದ ಕೇಳಿ ಬರೆದಾಗ ಗೊತ್ತಾಯಿತು, ದೇವಯ್ಯ ತಮ್ಮ ಹಳೆಯ ಮಿಸ್ಟೀರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಅನ್ನು ಹೊಡೆದು ಉರುಳಿಸಿದ್ದರು ಎಂದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ತಡವಾಗಿ. ಸಾಕ್ಷಿ ಹೇಳಿದವರು ಯಾರು ನೋಡಿ, ಶತ್ರುಗಳು!

ಹೊನ್ನಾವರದವಳು

ಇದು ಎಷ್ಟು ಜನರಿಗೆ ಗೊತ್ತು? ನನಗೆ ದೇವಯ್ಯನವರ ಹೆಸರೇ ಹೊಸತು.

ಶಿರಸಿ ಮಾಣಿ

ರಾಣೆಯವರಿಗೆ ಸರ್ಕಾರ ಮತ್ತೇನಾದ್ರೂ ಮಾಡಿದೆಯಾ? ಪ್ರತಿಮೆ ಬಿಟ್ಟು?

ಕುಮಟಾ ಗೆಜೆಟ್

ಪ್ರತಿಮೆ 2006ರ ನವೆಂಬರ್ 7ರಂದು. ಅದಕ್ಕೂ ಮೊದಲು, 1980ರ ದಶಕದಲ್ಲಿ ಭಾರತೀಯ ಶಿಪ್ಪಿಂಗ್ ಕಾರ್ಪೊರೇಷನ್ ತನ್ನ ಕಚ್ಚಾತೈಲದ 15 ಹಡಗುಗಳಿಗೆ ಪರಮವೀರ ಚಕ್ರದವರ ಹೆಸರಿಟ್ಟಿತು, ಒಂದಕ್ಕೆ ರಾಣೆಯವರದು. ಕಾರವಾರದವರ ಹೆಸರು ಹೊತ್ತ ಹಡಗು ಸಮುದ್ರದ ಮೇಲೆ, ಅವರಿನ್ನೂ ಬದುಕಿದ್ದಾಗಲೇ. 2023ರ ಜನವರಿಯಲ್ಲಿ ಅಂಡಮಾನ್‌ನ 21 ದ್ವೀಪಗಳಿಗೆ ಆ 21 ಜನರ ಹೆಸರು ಬಂತು, ಅದರಲ್ಲಿ ರಾಣೆ ದ್ವೀಪವೂ ಇದೆ. ಪದಕದ ಮಾಸಾಶನ 2017ರಿಂದ ತಿಂಗಳಿಗೆ 20,000 ಆಯಿತು. ರಾಣೆಯವರು ಆ ಕಾಲಕ್ಕೆ ಇರಲಿಲ್ಲ ಬಿಡಿ.

ಬೈತಖೋಲ್ ಹುಡುಗ

ಪ್ರತಿಮೆ ಹತ್ತಿರ ದಿನಾ ಸಂಜೆ ಕೂರ್ತೇವೆ. ಸೆಲ್ಫಿ ತೆಗೆಯುವವರು ಬೇಕಾದಷ್ಟು. ಕೆಳಗೆ ಬರೆದದ್ದನ್ನು ಓದುವವರು ಕಮ್ಮಿ. ಈಗ ಪಕ್ಕದಲ್ಲಿ ಟುಪೊಲೆವ್ ವಿಮಾನವೂ ಬಂದು ನಿಂತಿದೆ, ಜನ ಸೀದಾ ಅದರ ಕಡೆಗೇ ಓಡ್ತಾರೆ.

ಶಿರಸಿ ಮಾಣಿ

ಅಷ್ಟು ದೊಡ್ಡ ವಿಮಾನ ಇದ್ರೆ ಮಕ್ಕಳು ಓಡದೆ ಇರ್ತಾರಾ ಮಾರಾಯಾ. ನಾನೂ ಓಡಿದ್ದೆ.

ಅಂಕೋಲಾ ಅಕ್ಕೋರು

ಮಾಜಿ ಸ್ಯಾಪರ್ ಸರ್, ಇನ್ನೊಂದು ಕೇಳಬೇಕಿತ್ತು. ರಾಣೆಯವರು 1948ರಲ್ಲಿ ದಿಢೀರನೆ ಅಷ್ಟು ಧೈರ್ಯ ತಂದುಕೊಂಡರಾ? ಮಕ್ಕಳಿಗೆ ಹಿಂದಿನದೂ ಹೇಳಬೇಕು. ಅವರ ತಂದೆ ಪೊಲೀಸ್ ಅಂತ ಓದಿದ್ದೇನೆ.

ಮಾಜಿ ಸ್ಯಾಪರ್, ಕಾರವಾರ

ಹೌದು, ತಂದೆ ಪೊಲೀಸ್ ಕಾನ್‌ಸ್ಟೇಬಲ್. ವರ್ಗಾವಣೆ ಆದ ಹಾಗೆ ಶಾಲೆಯೂ ಬದಲು. ರಾಣೆ ಸಾಹೇಬರು ಮೊದಲು ಸೇರಿದ್ದು ಅಧಿಕಾರಿಯಾಗಿ ಅಲ್ಲ, ಸಾದಾ ಸಿಪಾಯಿಯಾಗಿ. ತರಬೇತಿಯಲ್ಲಿ ಅತ್ಯುತ್ತಮ ರಂಗರೂಟ ಅಂತ ಕಮಾಂಡೆಂಟರ ಕೇನ್ (ಗೌರವದ ಬೆತ್ತ) ಗೆದ್ದರು. ಬರ್ಮಾದಲ್ಲಿ ಜಪಾನಿಯರ ಎದುರು ಹೋರಾಡಿದರು. ಅರಾಕಾನ್‌ನಿಂದ ನಮ್ಮವರು ಹಿಂದೆ ಸರಿಯುವಾಗ ಬುಥಿಡಾಂಗ್‌ನಲ್ಲಿ ಮದ್ದುಗುಂಡಿನ ದಾಸ್ತಾನು ಶತ್ರುವಿಗೆ ಸಿಗಬಾರದೆಂದು, ಅದನ್ನು ನಾಶಮಾಡಲು ಇವರ ತುಕಡಿಯನ್ನು ಹಿಂದೆ ಬಿಟ್ಟಿದ್ದರು. ಕೆಲಸ ಮುಗಿದ ಮೇಲೆ ಹಡಗು ಬಂದು ಕರೆದೊಯ್ಯಬೇಕಿತ್ತು, ಬರಲಿಲ್ಲ. ಜಪಾನಿ ಗಸ್ತಿನ ಕಣ್ಣು ತಪ್ಪಿಸಿ, ನದಿ ದಾಟಿ, ತಾವಾಗಿಯೇ ತಮ್ಮ ಡಿವಿಷನ್ ಸೇರಿಕೊಂಡರು. ಆಮೇಲೆ ಹವಾಲ್ದಾರ. ಅಧಿಕಾರಿ ಆದದ್ದು 1947ರ ಡಿಸೆಂಬರ್‌ನಲ್ಲಿ. ಅಂದರೆ ಆ ರಸ್ತೆಗೆ ಬಂದಾಗ ಹೆಗಲ ಮೇಲಿನ ನಕ್ಷತ್ರ ನಾಲ್ಕು ತಿಂಗಳು ಹಳೆಯದೂ ಅಲ್ಲ, ಆದರೆ ಕೈ ಏಳು ವರ್ಷ ಪಳಗಿದ್ದು. ನನಗೆ ಈ ಭಾಗವೇ ಹೆಚ್ಚು ಇಷ್ಟ. ಸಿಪಾಯಿ ಕೆಲಸ ಮಾಡಿ ಗೊತ್ತಿದ್ದವನೇ ಸಿಪಾಯಿಗಿಂತ ಮುಂದೆ ಮಲಗಿ ಮಣ್ಣು ಬಿಡಿಸಿಯಾನು.

ಆ ತಂಡದಲ್ಲಿ ಮೊದಲ ದಿನವೇ ಹೋದ ಇಬ್ಬರಿದ್ದಾರಲ್ಲ, ಅವರಿಗೂ ಗೋಡೆಯಲ್ಲಿ ಒಂದು ಸಾಲು ಕೊಡಿ ಅಕ್ಕೋರೇ. ಪ್ರಶಂಸಾ ಪತ್ರದಲ್ಲಿ ಅವರ ಹೆಸರಿಲ್ಲ, ಇಬ್ಬರು ಅಂತ ಮಾತ್ರ ಇದೆ.

ಅಂಕೋಲಾ ಅಕ್ಕೋರು

ಖಂಡಿತ ಸರ್. ಎರಡು ಖಾಲಿ ಚೌಕಟ್ಟು ಬಿಡಿಸೋಣ ಅಂತ ನಮ್ಮ ಚಿತ್ರಕಲಾ ಮಾಸ್ತರು ಹೇಳ್ತಿದ್ದಾರೆ.

ಹಳಿಯಾಳದವ

ತಡವಾಗಿ ಬಂದೆ, ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನಮ್ಮ ಅಜ್ಜ ಮರಾಠಾ ಪಲ್ಟನ್‌ನಲ್ಲಿದ್ದರು, ಬರ್ಮಾ ಕಡೆ ಹೋಗಿದ್ದರಂತೆ. ಅಟ್ಟದ ಮೇಲಿನ ಟ್ರಂಕ್‌ನಲ್ಲಿ ಅವರದೊಂದು ಪದಕ ಸಿಕ್ಕಿದೆ. ಆರು ಮೂಲೆಯ ನಕ್ಷತ್ರ, ತಾಮ್ರದ ಬಣ್ಣ. ರಿಬ್ಬನ್ ಕಡುನೀಲಿ, ನಡುವೆ ಕೆಂಪು ಪಟ್ಟಿ, ಅಕ್ಕಪಕ್ಕ ಕೇಸರಿ ಗೆರೆ. ಮನೆಯಲ್ಲಿ ಎಲ್ಲರೂ ಅಜ್ಜನಿಗೆ ಶೌರ್ಯ ಪದಕ ಅಂತಲೇ ಹೇಳಿಕೊಂಡು ಬಂದಿದ್ದಾರೆ. ಯಾವ ಪದಕ ಇದು?

ಮಾಜಿ ಸ್ಯಾಪರ್, ಕಾರವಾರ

ಅದು ಬರ್ಮಾ ಸ್ಟಾರ್. ಶೌರ್ಯ ಪದಕ ಅಲ್ಲ, ಆ ರಣರಂಗದಲ್ಲಿ ಸೇವೆ ಮಾಡಿದವರಿಗೆಲ್ಲ ಕೊಟ್ಟದ್ದು. ಮನೆಯಲ್ಲಿ ಹಿರಿಯರಿದ್ದರೆ ಮೆಲ್ಲಗೆ ಹೇಳಿ. ಮರಾಠಾದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದವರಿದ್ದಾರೆ, ಇಟಲಿಯಲ್ಲಿ 1944ರಲ್ಲಿ ಯಶವಂತ ಘಾಡ್ಗೆ, 1945ರಲ್ಲಿ ನಾಮದೇವ ಜಾಧವ. ಅದು ಬೇರೆ, ಇದು ಬೇರೆ. ಆದರೆ ಬರ್ಮಾದ ಕಾಡು, ಮಳೆ, ಮಲೇರಿಯಾದಲ್ಲಿ ಇದ್ದು ಬಂದವರ ಎದೆಯ ಮೇಲಿದ್ದದ್ದು ಅದು, ಸಣ್ಣದಲ್ಲ.

ಹಳಿಯಾಳದವ

ಅಜ್ಜ ಎಲ್ಲೆಲ್ಲಿ ಹೋಗಿದ್ದರು ಅಂತ ತಿಳಿಯಬಹುದಾ?

ಮಾಜಿ ಸ್ಯಾಪರ್, ಕಾರವಾರ

ಟ್ರಂಕ್‌ನಲ್ಲಿ ಬಿಡುಗಡೆ ಪತ್ರ, ಪೆನ್ಷನ್ ಪುಸ್ತಕ ಏನಾದರೂ ಇದೆಯೇ ನೋಡಿ, ಅದರಲ್ಲಿ ಅವರ ನಂಬರ್ ಇರುತ್ತದೆ. ನಂಬರ್ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಮರಾಠಾ ರೆಜಿಮೆಂಟ್ ಸೆಂಟರ್ ನಿಮಗೆ ಹತ್ತಿರವೇ, ಬೆಳಗಾವಿಯಲ್ಲಿ. ಹೆಸರು, ತಂದೆ ಹೆಸರು, ಊರು, ನಂಬರ್ ಬರೆದು ಅಲ್ಲಿನ ದಾಖಲೆ ವಿಭಾಗಕ್ಕೆ ಪತ್ರ ಹಾಕಿ. ಊರಿನ ಹೆಸರನ್ನು ಆಗಿನ ತಾಲೂಕಿನ ಜೊತೆ ಬರೆಯಿರಿ, ಉತ್ತರ ಕನ್ನಡ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ಪದಕವನ್ನು ಮಾತ್ರ ಬ್ರಾಸೊ ಪಾಲಿಶ್ ಹಾಕಿ ತಿಕ್ಕಲು ಹೋಗಬೇಡಿ, ರಿಬ್ಬನ್ ಹಾಳಾಗುತ್ತದೆ.